ಎತ್ತಿಕೊಂಡರೆ ಮಗು ಕೆಡುತ್ತದೆಯೇ?

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ. ಒಂಬತ್ತು ತಿಂಗಳ ಕೂಸಿನಿಂದ ಹದಿನಾಲ್ಕು ವರ್ಷದ ಹುಡುಗಿಯವರೆಗೆ ಮಕ್ಕಳ ವಯಸ್ಸು ಬೇರೆ ಬೇರೆಯಾದರೂ, ಬರೆದವರ ಮನಸ್ಸಿನಲ್ಲಿರುವ ಅಂಜಿಕೆ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಅವುಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಎಂದಿನಂತೆ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನಾವು ಮಂಡ್ಯದಲ್ಲಿದ್ದೇವೆ. ಮಗಳಿಗೆ ಒಂಬತ್ತು ತಿಂಗಳು. ಆರು ತಿಂಗಳವರೆಗೆ ಯಾರು ಕೈ ಚಾಚಿದರೂ ಹೋಗುತ್ತಿದ್ದವಳು ಈಗ ಊರಿನಿಂದ ಅಜ್ಜಿ ಬಂದರೂ ಕಿರುಚಿ ಅಳುತ್ತಾಳೆ. ನಾನು ಬಚ್ಚಲಿಗೆ ಹೋದರೂ ರಚ್ಚೆ ಹಿಡಿಯುತ್ತಾಳೆ. "ಎತ್ತಿಕೊಂಡು ಎತ್ತಿಕೊಂಡು ಅಭ್ಯಾಸ ಮಾಡಿಬಿಟ್ಟಿದ್ದೀಯ" ಎಂದು ಅತ್ತೆ ಬೈಯುತ್ತಾರೆ. ಮುಂದಿನ ತಿಂಗಳು ನಾನು ಕೆಲಸಕ್ಕೆ ಮರಳಬೇಕು, ಮಗುವನ್ನು ಅವರೇ ನೋಡಿಕೊಳ್ಳಬೇಕು. ನಾನು ತಪ್ಪು ಮಾಡಿದೆನೇ?

ಉತ್ತರ: ಇಲ್ಲಮ್ಮ, ನಿಮ್ಮಿಂದ ಯಾವ ತಪ್ಪೂ ಆಗಿಲ್ಲ. ನಿಮ್ಮ ಮಗಳು ಒಂಬತ್ತು ತಿಂಗಳಿಗೆ ಏನು ಕಲಿಯಬೇಕೋ ಅದನ್ನೇ ಕಲಿತಿದ್ದಾಳೆ.

ಆರರಿಂದ ಎಂಟು ವಾರಕ್ಕೆ ಮಗು ಮುಖ ನೋಡಿ ನಗಲು ಶುರು ಮಾಡುತ್ತದೆ. ಆ ನಗು ಮೊದಮೊದಲು ಎಲ್ಲರಿಗೂ ಸಿಗುತ್ತದೆ. ಏಳೆಂಟು ತಿಂಗಳ ಹೊತ್ತಿಗೆ ತನ್ನವರು ಯಾರು, ಹೊರಗಿನವರು ಯಾರು ಎಂಬ ವ್ಯತ್ಯಾಸ ಮಗುವಿನ ಮನಸ್ಸಿನಲ್ಲಿ ಗಟ್ಟಿಯಾಗುತ್ತದೆ. ಜೊತೆಗೆ, ಕಣ್ಣಿಗೆ ಕಾಣದಿದ್ದರೂ ಅಮ್ಮ ಎಲ್ಲೋ ಇದ್ದಾಳೆ ಎಂಬುದೂ ತಿಳಿಯತೊಡಗುತ್ತದೆ. ಇದ್ದಾಳೆಂದು ಗೊತ್ತು, ಯಾವಾಗ ಬರುತ್ತಾಳೆಂದು ಮಾತ್ರ ಗೊತ್ತಿಲ್ಲ. ಬಚ್ಚಲಮನೆಯ ಬಾಗಿಲ ಹೊರಗಿನ ಆ ಅಳುವಿಗೆ ಇದೇ ಕಾರಣ. ಒಂದು, ಒಂದೂವರೆ ವರ್ಷದ ಸುಮಾರಿಗೆ ಇದು ಇನ್ನಷ್ಟು ಜೋರಾಗಿ, ಆಮೇಲೆ ತಾನಾಗಿ ಇಳಿಯುತ್ತದೆ. ಆದ್ದರಿಂದ ದೃಷ್ಟಿ ತೆಗೆದು, ತಾಯತ ಕಟ್ಟಿಸಿ ನೀವು ಗಾಬರಿಯಾಗಬೇಕಾದ ವಿಷಯ ಇದಲ್ಲ.

ಎತ್ತಿಕೊಂಡರೆ ಮಗು ಕೆಡುತ್ತದೆ ಎಂಬ ಮಾತು ನಮ್ಮ ಊರುಗಳದ್ದು ಮಾತ್ರವಲ್ಲ. ಕಳೆದ ಶತಮಾನದ ಮೊದಲ ಭಾಗದಲ್ಲಿ ಪಾಶ್ಚಾತ್ಯ ತಜ್ಞರೂ ಹಾಗೆಯೇ ಬೋಧಿಸುತ್ತಿದ್ದರು. ಆ ನಂಬಿಕೆಯನ್ನು ಅಲುಗಾಡಿಸಿದವರಲ್ಲಿ ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಪ್ರಮುಖರು. ತಾಯಿತಂದೆಯರಿಂದ ದೂರವಾದ ಮಕ್ಕಳ ಬಗ್ಗೆ ಅವರು ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ವರದಿ 1951ರಲ್ಲಿ ಪ್ರಕಟವಾಯಿತು. ಅವರ ಜೊತೆ ಕೆಲಸ ಮಾಡಿದ್ದ ಮೇರಿ ಐನ್ಸ್‌ವರ್ತ್ ಮೊದಲು ಉಗಾಂಡದಲ್ಲಿ, ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಮನೆಮನೆಗೆ ಹೋಗಿ ತಾಯಿ ಮಕ್ಕಳನ್ನು ಗಂಟೆಗಟ್ಟಲೆ ಗಮನಿಸಿದರು. ಬಾಲ್ಟಿಮೋರ್‌ನ 26 ತಾಯಿ ಮಕ್ಕಳ ಜೋಡಿಗಳನ್ನು ಕುರಿತು 1972ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ತಿಂಗಳುಗಳಲ್ಲಿ ಅತ್ತಾಗ ಬೇಗ ಸಮಾಧಾನ ಸಿಕ್ಕ ಮಕ್ಕಳು ವರ್ಷದ ಕೊನೆಯ ಹೊತ್ತಿಗೆ ಕಡಿಮೆ ಅಳುತ್ತಿದ್ದುದು ಕಂಡುಬಂತು. ಅದರ ಲೆಕ್ಕಾಚಾರದ ಬಗ್ಗೆ ಮುಂದೆ ವಿದ್ವಾಂಸರಲ್ಲಿ ಚರ್ಚೆ ನಡೆಯಿತೆಂಬುದು ನಿಜ. ಆದರೆ ಕೂಸನ್ನು ಎತ್ತಿಕೊಂಡು ಯಾರೂ ಕೆಡಿಸಿಲ್ಲ ಎಂದು ಇಷ್ಟು ವರ್ಷ ಮಕ್ಕಳನ್ನು ನೋಡಿದ ಅನುಭವದಿಂದ ನಾನು ಧೈರ್ಯವಾಗಿ ಹೇಳಬಲ್ಲೆ.

ಕಳೆದ ವಾರ ನನ್ನ ಕೊಠಡಿಗೆ ಹದಿಮೂರು ತಿಂಗಳ ಹುಡುಗನೊಬ್ಬ ಬಂದಿದ್ದ. ಹತ್ತು ನಿಮಿಷ ತಾಯಿಯ ಸೆರಗು ಬಿಡಲಿಲ್ಲ. ಆಮೇಲೆ ಮೂಲೆಯಲ್ಲಿದ್ದ ತೂಕದ ಯಂತ್ರದ ಮೇಲೆ ಅವನ ಕಣ್ಣು ಬಿತ್ತು. ನಾಲ್ಕು ಹೆಜ್ಜೆ ಹಾಕಿದ, ನಿಂತ, ತಿರುಗಿ ನೋಡಿದ. ತಾಯಿ ಏನೂ ಹೇಳಲಿಲ್ಲ, ಸುಮ್ಮನೆ ತಲೆಯಾಡಿಸಿದರು. ಮತ್ತೆ ಮೂರು ಹೆಜ್ಜೆ, ಮತ್ತೆ ತಿರುಗಿ ನೋಟ. ಕೊನೆಗೆ ಯಂತ್ರದ ತಟ್ಟೆಯನ್ನು ಎರಡೂ ಕೈಯಿಂದ ಬಡಿದು, ಸದ್ದಿಗೆ ತಾನೇ ಬೆಚ್ಚಿ, ಓಡಿ ಬಂದು ತಾಯಿಯ ಮಡಿಲು ಸೇರಿದ. ನಿಮಿಷದೊಳಗೆ ಮತ್ತೆ ಹೊರಟ. ಸೆರಗು ಹಿಡಿದುಕೊಂಡಿದ್ದ ಹತ್ತು ನಿಮಿಷವೇ ಆ ಏಳು ಹೆಜ್ಜೆಗಳಿಗೆ ಬಂಡವಾಳ. ಮರಳಿ ಬರಲು ಒಂದು ಮಡಿಲಿದೆ ಎಂದು ನಂಬಿದ ಮಗುವೇ ದೂರ ಹೋಗುವುದು.

ಇನ್ನು ಅತ್ತೆಯವರ ವಿಚಾರ. ಮಗುವಿಗೆ ಅಮ್ಮ ಒಬ್ಬಳೇ ಸಾಕು, ಬೇರೆಯವರು ಬೇಡ ಎಂದು ತಿಳಿಯಬೇಡಿ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ 60 ಕೂಸುಗಳನ್ನು ತಿಂಗಳುಗಟ್ಟಲೆ ಗಮನಿಸಿ ರುಡಾಲ್ಫ್ ಶಾಫರ್ ಮತ್ತು ಪೆಗ್ಗಿ ಎಮರ್ಸನ್ 1964ರಲ್ಲಿ ಬರೆದ ವರದಿಯ ಪ್ರಕಾರ, ಒಂದೂವರೆ ವರ್ಷದ ಹೊತ್ತಿಗೆ ಬಹುಪಾಲು ಮಕ್ಕಳು ತಂದೆ, ಅಜ್ಜಿ, ತಾತ ಹೀಗೆ ಹಲವರನ್ನು ಹಚ್ಚಿಕೊಂಡಿದ್ದರು. ನಮ್ಮ ಕೂಡು ಕುಟುಂಬಗಳು ಕಂಡುಂಡ ಸತ್ಯವೇ ಇದು. ಅತ್ತೆಯವರು ಹದಿನೈದು ದಿನ ಮೊದಲೇ ಬಂದು, ನೀವು ಮನೆಯಲ್ಲಿರುವಾಗಲೇ ಮಗುವಿನ ಜೊತೆ ಇರಲಿ. ಬಂದ ಕೂಡಲೇ ಎತ್ತಿಕೊಳ್ಳಲು ಹೋಗದೆ ನೆಲದ ಮೇಲೆ ಕುಳಿತು ಗಿಲಕಿ ಆಡಿಸುತ್ತಿದ್ದರೆ ಮಗುವೇ ಅಂಬೆಗಾಲಿಟ್ಟು ಹತ್ತಿರ ಬರುತ್ತದೆ. ಸೆರಗಿನಿಂದ ಮುಖ ಮುಚ್ಚಿ ತೆಗೆದು ನಗಿಸುವ ಆಟವನ್ನು ದಿನಕ್ಕೆ ಹತ್ತು ಸಲ ಆಡಿ. ಹೋದವರು ತಿರುಗಿ ಬರುತ್ತಾರೆ ಎಂಬ ಪಾಠ ಅದರೊಳಗಿದೆ. ಕೆಲಸಕ್ಕೆ ಹೊರಡುವಾಗ ಕಣ್ಣುತಪ್ಪಿಸಿ ಹೋಗಬೇಡಿ. ಅತ್ತರೂ ಚಿಂತೆಯಿಲ್ಲ, ಮುತ್ತಿಟ್ಟು, ಹೇಳಿ ಹೋಗಿ. ಹೇಳದೆ ಮಾಯವಾದ ಅಮ್ಮನನ್ನು ಮಗು ಮರುದಿನ ಬೆಳಗಿನಿಂದಲೇ ಕಾವಲು ಕಾಯತೊಡಗುತ್ತದೆ.

ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ವರ್ಷ ತುಂಬಿದರೂ ಹೆಸರು ಹಿಡಿದು ಕರೆದಾಗ ತಿರುಗದಿದ್ದರೆ, ಮುಖ ನೋಡಿ ನಗದಿದ್ದರೆ, ಒಂದೂವರೆ ವರ್ಷವಾದರೂ ಬೆರಳು ಮಾಡಿ ಏನನ್ನೂ ತೋರಿಸದಿದ್ದರೆ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ. ನಿಮ್ಮ ಮಗಳು ಅಳುತ್ತಿರುವುದು ನಿಮ್ಮನ್ನು ಗುರುತಿಸಿದ್ದರಿಂದ.

ಪ್ರಶ್ನೆ: ಮೈಸೂರಿನಲ್ಲಿ ನಮ್ಮ ಬಟ್ಟೆ ಅಂಗಡಿ ಇದೆ. ಎರಡೂವರೆ ವರ್ಷದ ಮಗನದು ಅತಿಯಾದ ಹಟ. ಕೇಳಿದ್ದು ಕೊಡದಿದ್ದರೆ ಗಿರಾಕಿಗಳ ಎದುರೇ ನೆಲದಲ್ಲಿ ಉರುಳಾಡುತ್ತಾನೆ. ಆಟದ ಸಾಮಾನು ಮುಟ್ಟಿದರೆ ತಮ್ಮನ ಮಗನನ್ನು ಕಚ್ಚುತ್ತಾನೆ. ಎರಡೇಟು ಹಾಕಿದರೆ ಸರಿಹೋಗುತ್ತಾನೆಯೇ?

ಉತ್ತರ: ಏಟು ಹಾಕಿದರೆ ಆ ಕ್ಷಣಕ್ಕೆ ಸುಮ್ಮನಾದಾನು. ಆದರೆ ಸಿಟ್ಟು ಬಂದಾಗ ದೊಡ್ಡವರು ಸಣ್ಣವರನ್ನು ಹೊಡೆಯಬಹುದು ಎಂಬುದೊಂದನ್ನು ಬಿಟ್ಟು ಇನ್ನೇನನ್ನೂ ಅವನು ಅದರಿಂದ ಕಲಿಯುವುದಿಲ್ಲ.

ಮಗುವಿಗೆ ಗೊತ್ತಾಗದಂತೆ ಮೂಗಿನ ತುದಿಗೆ ಕುಂಕುಮ ಹಚ್ಚಿ ಕನ್ನಡಿಯ ಮುಂದೆ ನಿಲ್ಲಿಸಿದರೆ, ವರ್ಷದ ಮಗು ಕನ್ನಡಿಯೊಳಗಿನ ಮಗುವಿನ ಜೊತೆ ಆಡಲು ಹೋಗುತ್ತದೆ. ಹದಿನೆಂಟರಿಂದ ಇಪ್ಪತ್ತನಾಲ್ಕು ತಿಂಗಳೊಳಗಿನ ಹೆಚ್ಚಿನ ಮಕ್ಕಳು ತಮ್ಮ ಮೂಗನ್ನೇ ಮುಟ್ಟಿಕೊಳ್ಳುತ್ತಾರೆ. 1972ರಲ್ಲಿ ಬ್ಯೂಲಾ ಆಮ್‌ಸ್ಟರ್‌ಡ್ಯಾಮ್ ಎಂಬ ಸಂಶೋಧಕಿ ಕೆಂಪು ಬಣ್ಣ ಹಚ್ಚಿ ಮಾಡಿದ ಪರೀಕ್ಷೆ ಇದು. ಹೀಗೆ 'ನಾನು' ಹುಟ್ಟಿದ ಬೆನ್ನಿಗೇ 'ನಂದು' ಹುಟ್ಟುತ್ತದೆ. ನಿಮ್ಮ ಮಗ ಲಾರಿಯನ್ನೋ ಚೆಂಡನ್ನೋ ಎದೆಗವಚಿಕೊಂಡು 'ನಂದು' ಎಂದು ಕೂಗುವಾಗ ಅವನು ಕಾಪಾಡಿಕೊಳ್ಳುತ್ತಿರುವುದು ಹೊಸದಾಗಿ ಸಿಕ್ಕ ಆ 'ನಾನು' ಎಂಬುದನ್ನು. ಎರಡು ವರ್ಷದ ಮಕ್ಕಳು ಸಾಮಾನ್ಯವಾಗಿ ಪಕ್ಕಪಕ್ಕದಲ್ಲಿ ಕುಳಿತು ಬೇರೆ ಬೇರೆಯಾಗಿ ಆಡುತ್ತಾರೆ. ಹಂಚಿಕೊಂಡು, ಸರದಿ ಕಾದು ಆಡುವ ಆಟಕ್ಕೆ ನಾಲ್ಕೈದು ವರ್ಷ ತುಂಬಬೇಕು. ಅಲ್ಲಿಯವರೆಗೆ ಒಂದೇ ಬಗೆಯ ಎರಡು ಸಾಮಾನು ಇಟ್ಟುಕೊಳ್ಳುವುದು ಬುದ್ಧಿವಂತಿಕೆ.

ಕಚ್ಚಲು ಹೋದಾಗ ತಡೆಯಿರಿ, ಬಿಡಬೇಡಿ. ಗಟ್ಟಿಯಾಗಿ, ಆದರೆ ಕೂಗಾಡದೆ, "ಸಿಟ್ಟು ಬಂತಲ್ವಾ? ಕಚ್ಚಬಾರದು, ಅವನಿಗೆ ನೋಯುತ್ತೆ" ಎನ್ನಿ. ಒಳಗೆ ಕುದಿಯುವುದಕ್ಕೆ 'ಸಿಟ್ಟು' ಎಂದು ಹೆಸರಿದೆ ಎಂಬುದೇ ಅವನಿಗೆ ಹೊಸ ವಿಷಯ. ಉರುಳಾಡುವಾಗ ಹತ್ತಿರ ಕುಳಿತುಕೊಳ್ಳಿ. ಕೇಳಿದ್ದನ್ನು ಕೊಡಲೂ ಬೇಡಿ, ಬಿಟ್ಟು ಹೋಗಲೂ ಬೇಡಿ. ಗುಮ್ಮ ಬರುತ್ತಾನೆ, ಪೊಲೀಸ್ ಹಿಡಿದುಕೊಂಡು ಹೋಗುತ್ತಾನೆ, ಡಾಕ್ಟರು ಸೂಜಿ ಚುಚ್ಚುತ್ತಾರೆ ಎಂದು ದಯವಿಟ್ಟು ಹೆದರಿಸಬೇಡಿ. ಇದನ್ನು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ, ಏಕೆಂದರೆ ಜ್ವರದಿಂದ ಬಳಲುತ್ತಿರುವ ಮಗು ನನ್ನ ಮುಖ ಕಂಡ ಕೂಡಲೇ ನಡುಗುವುದನ್ನು ವಾರಕ್ಕೆ ಹಲವು ಸಲ ನೋಡುತ್ತೇನೆ.

ಪ್ರಶ್ನೆ: ನಾನು ತಿ. ನರಸೀಪುರ ತಾಲ್ಲೂಕಿನ ಅಂಗನವಾಡಿ ಕಾರ್ಯಕರ್ತೆ. ನಾಲ್ಕೂವರೆ ವರ್ಷದ ಹುಡುಗಿಯೊಬ್ಬಳು ಸೇರಿ ನಾಲ್ಕು ತಿಂಗಳಾದರೂ ಒಂದು ಮಾತೂ ಆಡಿಲ್ಲ. ಮನೆಯಲ್ಲಿ ಅರಳು ಹುರಿದಂತೆ ಮಾತಾಡುತ್ತಾಳಂತೆ.

ಉತ್ತರ: 1975ರಲ್ಲಿ ನಮ್ಮ ರಾಜ್ಯದ ಮೊದಲ ಅಂಗನವಾಡಿಗಳು ತೆರೆದದ್ದು ನಿಮ್ಮ ತಾಲ್ಲೂಕಿನಲ್ಲೇ. ಅಲ್ಲಿಂದ ಇಂಥ ಕಾಳಜಿಯ ಪತ್ರ ಬಂದದ್ದು ಸಂತೋಷ. ಕೆಲವು ಮಕ್ಕಳ ಹುಟ್ಟುಗುಣವೇ ನಿಧಾನವಾಗಿ ಬೆರೆಯುವುದು. ಅದು ರೋಗವಲ್ಲ. ಆದರೆ ಮನೆಯಲ್ಲಿ ಸರಾಗವಾಗಿ ಮಾತಾಡುವ ಮಗು ಹೊರಗೆ ತಿಂಗಳುಗಟ್ಟಲೆ ಬಾಯಿ ಬಿಡದಿದ್ದರೆ ಅದರ ಹಿಂದೆ ಮಾತನ್ನೇ ಕಟ್ಟಿಹಾಕುವಷ್ಟು ಆತಂಕವಿರಬಹುದು. "ಹೇಳು, ಹೇಳು" ಎಂದು ಎಲ್ಲರೆದುರು ಒತ್ತಾಯಿಸಬೇಡಿ. ತಲೆಯಾಡಿಸಿದರೆ, ಬೆರಳು ತೋರಿಸಿದರೆ ಅದನ್ನೇ ಉತ್ತರವೆಂದು ತೆಗೆದುಕೊಳ್ಳಿ. ತಾಯಿ ಅರ್ಧ ಗಂಟೆ ಬಂದು ಮೂಲೆಯಲ್ಲಿ ಮಗಳೊಡನೆ ಆಡಲಿ, ನೀವು ಮೆಲ್ಲನೆ ಆ ಆಟದಲ್ಲಿ ಸೇರಿಕೊಳ್ಳಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಒಮ್ಮೆ ತೋರಿಸಲು ಹೆತ್ತವರಿಗೆ ಹೇಳಿ. ಬೇಗ ಹೋದಷ್ಟೂ ಒಳ್ಳೆಯದು.

ಪ್ರಶ್ನೆ: ಶ್ರೀರಂಗಪಟ್ಟಣದ ಹತ್ತಿರದ ಹಳ್ಳಿಯವನು ನಾನು, ನಿವೃತ್ತ ಮೇಷ್ಟ್ರು. ಮಗಳು, ಅಳಿಯ ಬೆಂಗಳೂರಿನಲ್ಲಿ ದುಡಿಯುತ್ತಿರುವುದರಿಂದ ಮೊಮ್ಮಗಳು ನಮ್ಮಲ್ಲಿ ಬೆಳೆದಿದ್ದಾಳೆ. ಈಗ ಹದಿನಾಲ್ಕು ವರ್ಷ. ಹೆಗಲ ಮೇಲೆ ಕೂತು ಜಾತ್ರೆ ನೋಡಿದವಳು ಈಗ ಬಾಗಿಲು ಹಾಕಿಕೊಂಡಿರುತ್ತಾಳೆ. ಕೇಳಿದ್ದಕ್ಕೆ ಒಂದೇ ಮಾತಿನ ಉತ್ತರ. ಗೆಳತಿಯರ ಜೊತೆ ಫೋನಿನಲ್ಲಿ ಮಾತ್ರ ಗಂಟೆಗಟ್ಟಲೆ ನಗು. ನಮ್ಮನ್ನು ಕಂಡರೆ ಬೇಸರವೇನೋ. ರಾತ್ರಿ ಮಾತ್ರ "ತಾತ, ಬಿ.ಪಿ. ಮಾತ್ರೆ ತಗೊಂಡ್ರಾ?" ಎಂದು ಬಾಗಿಲಲ್ಲೇ ನಿಂತು ಕೇಳಿ ಹೋಗುತ್ತಾಳೆ.

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರದ ಕೊನೆಯ ಸಾಲನ್ನು ಎರಡು ಸಲ ಓದಿದೆ. ತೂಕದ ಯಂತ್ರದ ಕಡೆ ಹೊರಟ ಆ ಪುಟ್ಟ ಹುಡುಗ ನಡುವೆ ನಿಂತು ತಾಯಿಯ ಕಡೆ ತಿರುಗಿ ನೋಡಿದನಲ್ಲ, ನಿಮ್ಮ ಮೊಮ್ಮಗಳೂ ಬಾಗಿಲಲ್ಲಿ ನಿಂತು ಮಾಡುತ್ತಿರುವುದು ಅದನ್ನೇ.

ಹದಿವಯಸ್ಸಿನ ಮುಖ್ಯ ಕೆಲಸ 'ನಾನು ಯಾರು' ಎಂದು ಕಂಡುಕೊಳ್ಳುವುದು ಎಂದು ಮನೋವಿಶ್ಲೇಷಕ ಎರಿಕ್ ಎರಿಕ್ಸನ್ 1950ರಲ್ಲೇ ಬರೆದರು. ಮನೆಯವರು ಕೊಟ್ಟ ಹೆಸರು, ಮಡಿಲು, ಮಾತು ಎಲ್ಲವನ್ನೂ ಒಮ್ಮೆ ಪಕ್ಕಕ್ಕಿಟ್ಟು, ಓರಗೆಯವರ ನಡುವೆ ತನ್ನನ್ನು ತೂಗಿ ನೋಡಿಕೊಳ್ಳುವ ಕಾಲವಿದು. ಗೆಳತಿಯೊಬ್ಬಳು ಮುಖ ತಿರುಗಿಸಿದ್ದು ನಮಗೆ ಸಣ್ಣ ಸಂಗತಿ, ಅವಳಿಗೆ ಅನ್ನ ಸೇರದಷ್ಟು ದೊಡ್ಡದು. ಭಾವನೆಗಳು ಹೀಗೆ ಉಕ್ಕುವ ವಯಸ್ಸಿನಲ್ಲಿ ಅವಕ್ಕೆ ಲಗಾಮು ಹಾಕಬೇಕಾದ ಮೆದುಳಿನ ಮುಂಭಾಗ ಇನ್ನೂ ಬಲಿಯುತ್ತಿರುತ್ತದೆ. ಅದು ಪೂರ್ತಿ ಪಕ್ವವಾಗಲು ಇಪ್ಪತ್ತೈದು ವರ್ಷದ ಆಸುಪಾಸಾಗುತ್ತದೆ. ನಿದ್ದೆಯ ಗಡಿಯಾರವೂ ಈ ವಯಸ್ಸಿನಲ್ಲಿ ತಡವಾಗಿ ಓಡುವುದರಿಂದ, ತಡವಾಗಿ ಏಳುವುದನ್ನೆಲ್ಲ ಸೋಮಾರಿತನವೆಂದು ಬೈಯಬೇಡಿ.

ಎದುರು ಕೂರಿಸಿಕೊಂಡು ಪ್ರಶ್ನೆ ಕೇಳಿದರೆ ಈ ವಯಸ್ಸಿನವರು ಬಾಯಿ ಬಿಡುವುದಿಲ್ಲ. ಮೇಷ್ಟ್ರಾಗಿದ್ದವರಿಗೆ ಇದು ಸ್ವಲ್ಪ ಕಷ್ಟವೆಂದು ಬಲ್ಲೆ. ಪಕ್ಕದಲ್ಲಿದ್ದು ಕೈಗೊಂದು ಕೆಲಸವಿದ್ದಾಗ, ಅವರೆಕಾಯಿ ಸುಲಿಯುವಾಗಲೋ ಕಾಲುವೆ ಏರಿಯ ಮೇಲೆ ನಡೆಯುವಾಗಲೋ, ಮಾತು ತಾನಾಗಿ ಬರುತ್ತದೆ. ಬಂದಾಗ ಬುದ್ಧಿ ಹೇಳಬೇಡಿ, ಪೂರ್ತಿ ಕೇಳಿ. ಅವಳ ತಂದೆತಾಯಿ ಭಾನುವಾರದ ಫೋನಿನಲ್ಲಿ ಅಂಕಗಳನ್ನಷ್ಟೇ ವಿಚಾರಿಸುತ್ತಿದ್ದರೆ ಅದನ್ನೂ ನೀವೇ ತಿದ್ದಬೇಕು.

ಗೆಳತಿಯರನ್ನೂ ಬಿಟ್ಟು ಒಂಟಿಯಾದರೆ, ಎರಡು ವಾರ ಕಳೆದರೂ ಮಂಕು ಹೋಗದಿದ್ದರೆ, ಊಟ ನಿದ್ದೆ ಕೆಟ್ಟರೆ, ಬದುಕೇ ಬೇಡ ಎಂಬ ಮಾತು ಒಮ್ಮೆಯಾದರೂ ಬಂದರೆ ಕಾಯಬೇಡಿ. 14416 ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ; ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಂಡ್ಯದ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರೂ ಸಿಗುತ್ತಾರೆ. ನೀವು ಬರೆದಿರುವುದರಲ್ಲಿ ಅಂಥದ್ದೇನೂ ನನಗೆ ಕಾಣಲಿಲ್ಲ.

ಇವತ್ತು ರಾತ್ರಿ ಅವಳು ಮಾತ್ರೆಯ ಬಗ್ಗೆ ಕೇಳಿದಾಗ 'ಹೂಂ' ಎಂದು ಹೇಳಿ ಕಳುಹಿಸಿಬಿಡಬೇಡಿ. ಮಾತ್ರೆಯನ್ನು ಅಲ್ಲಿಯವರೆಗೆ ನುಂಗದೆ ಇಟ್ಟುಕೊಂಡಿದ್ದು, "ಒಂದು ಲೋಟ ನೀರು ತಂದುಕೊಡವ್ವ" ಎನ್ನಿ. ನೀರು ತಂದವಳಿಗೆ ಕೂರಲು ಮಂಚದ ತುದಿಯಲ್ಲಿ ಜಾಗ ಬಿಟ್ಟಿರಿ.