ಸುಖೋಯ್ ಯುದ್ಧವಿಮಾನ ಇರುವಾಗ ಸೈನಿಕರ ನೆರವಿಗೆ ದಾಳಿ ಹೆಲಿಕಾಪ್ಟರ್ ಯಾಕೆ ಬೇಕು?

ಸುಖೋಯ್‌ಗೆ ಬಲ ಸಾಲದು ಅಂತಲ್ಲ, ಅದರ ವೇಗವೇ ತೊಡಕು. ನೆಲದ ಮೇಲಿನ ಕಾಳಗದಲ್ಲಿ ನಮ್ಮವರಿಗೂ ಶತ್ರುವಿಗೂ ನಡುವೆ ಕೆಲವೊಮ್ಮೆ ಕೆಲವೇ ನೂರು ಮೀಟರ್ ಅಂತರ. ಗಂಟೆಗೆ 800 ಕಿ.ಮೀ. ವೇಗದ ವಿಮಾನ ಒಂದು ಸೆಕೆಂಡಿಗೇ ಸುಮಾರು 220 ಮೀಟರ್ ದಾಟುತ್ತದೆ.

ಪುಣೆಯ ವಿಮಾನ ನಗರದಲ್ಲಿ ಇರುವ ನಮಗೆ ಇದು ದಿನಾ ಕಾಣುವ ಸಂಗತಿ. ಪಕ್ಕದ ಲೋಹೆಗಾಂವ್ ವಾಯುನೆಲೆಯಿಂದ ಸುಖೋಯ್-30 ಮೇಲೆದ್ದರೆ ಕಿಟಕಿ ಗಾಜು ಗಡಗಡ ಅನ್ನುತ್ತದೆ. ಒಣಗಲು ಹಾಕುತ್ತಿದ್ದ ಬಟ್ಟೆ ಬಿಟ್ಟು ತಲೆ ಎತ್ತುವಷ್ಟರಲ್ಲಿ ವಿಮಾನ ಮಾಯ, ಸದ್ದು ಮಾತ್ರ ಉಳಿದಿರುತ್ತದೆ. ಪೈಲಟ್‌ಗೂ ಕೆಳಗಿನವರು ಅಷ್ಟೇ ಕ್ಷಣಿಕ. ಹಾಗಾಗಿ ಅವನು ಎತ್ತರದಿಂದ, ಮೊದಲೇ ಗೊತ್ತುಮಾಡಿದ ಗುರಿಗೆ ಬಾಂಬ್ ಹಾಕುವುದೇ ಹೆಚ್ಚು.

ಹೆಲಿಕಾಪ್ಟರ್ ಗುಡ್ಡದ ಮರೆಯಲ್ಲಿ ನಿಂತು, ಇಣುಕಿ, ಯಾರು ಯಾರೆಂದು ನೋಡಿ ಹೊಡೆಯಬಲ್ಲದು. ಬೆಂಗಳೂರಿನ ಎಚ್‌ಎಎಲ್ ರೂಪಿಸಿದ ‘ಪ್ರಚಂಡ’ ದಾಳಿ ಹೆಲಿಕಾಪ್ಟರ್‌ನ ಮೂತಿಯಲ್ಲಿ 20 ಮಿ.ಮೀ. ಫಿರಂಗಿ ಇದೆ. ಪೈಲಟ್ ಹೆಲ್ಮೆಟ್ ತಿರುಗಿಸಿದ ಕಡೆಗೇ ಅದೂ ತಿರುಗುತ್ತದೆ. ನನಗೆ ಇದಕ್ಕಿಂತ ಚೆಂದದ ಏರ್ಪಾಡು ಕಂಡಿಲ್ಲ.

ಆದರೆ ನಿಧಾನಕ್ಕೆ ಬೆಲೆ ತೆರಬೇಕು. ಕಾರ್ಗಿಲ್‌ನಲ್ಲಿ 1999ರ ಮೇ 28ರಂದು ರಾಕೆಟ್ ಹೊತ್ತ ನಮ್ಮ ಎಂಐ-17 ಹೆಲಿಕಾಪ್ಟರ್ ಒಂದನ್ನು ಹೆಗಲ ಮೇಲಿಟ್ಟು ಹಾರಿಸುವ ಕ್ಷಿಪಣಿ ಕೆಡವಿತು, ನಾಲ್ವರು ಮಡಿದರು. ಆಮೇಲೆ ಅಲ್ಲಿ ದಾಳಿಗೆ ಆ ಹೆಲಿಕಾಪ್ಟರ್‌ಗಳನ್ನು ಬಿಡಲಿಲ್ಲ. ತೆಳು ಗಾಳಿಯ ಎತ್ತರದಲ್ಲೂ ಹೋರಾಡಬಲ್ಲ ಪ್ರಚಂಡ ಹುಟ್ಟಿದ್ದು ಆ ಯುದ್ಧದ ಪಾಠದಿಂದಲೇ. ವಾಯುಪಡೆಗೆ ಸೇರಿದ್ದು 2022ರ ಅಕ್ಟೋಬರ್‌ನಲ್ಲಿ.