ಆಕ್ಟೇವಿಯಾ ಬಟ್ಲರ್ ಕಾಲಜ್ಞಾನಿಯೇ?

ಓದುಗರ ಪತ್ರ: ಅಮೆರಿಕದ ವೈಜ್ಞಾನಿಕ ಕಾದಂಬರಿಗಾರ್ತಿ ಆಕ್ಟೇವಿಯಾ ಬಟ್ಲರ್ 2025ರ ಲಾಸ್ ಏಂಜಲೀಸ್ ಕಾಳ್ಗಿಚ್ಚನ್ನೂ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರ ಚುನಾವಣಾ ಘೋಷಣೆಯನ್ನೂ ದಶಕಗಳ ಹಿಂದೆಯೇ ಬರೆದಿಟ್ಟಿದ್ದರು ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಕೊಡೇಕಲ್ ಬಸವಣ್ಣನವರ ಸಾಲಿಗೆ ಇವರನ್ನೂ ಸೇರಿಸಬಹುದೇ? ಇವರ ಬದುಕು ಎಂಥದ್ದು? ಓದಲು ಯಾವ ಪುಸ್ತಕದಿಂದ ಆರಂಭಿಸಲಿ?

ಸಂಪಾದಕರ ಉತ್ತರ:

ಮೊದಲು ಬೆಂಕಿಯ ಮಾತು ಮುಗಿಸೋಣ. 1993ರಲ್ಲಿ ಬಂದ ‘ಪ್ಯಾರಬಲ್ ಆಫ್ ದಿ ಸೋವರ್’ ಲಾರೆನ್ ಒಲಮೀನಾ ಎಂಬ ಹುಡುಗಿಯ ದಿನಚರಿಯ ರೂಪದಲ್ಲಿದೆ. 2024ರ ಜುಲೈನಲ್ಲಿ, ಅವಳ 15ನೇ ಹುಟ್ಟುಹಬ್ಬಕ್ಕೆ ಕಥೆ ತೊಡಗುತ್ತದೆ. 2025ರ ಫೆಬ್ರುವರಿ 1ರ ಪುಟದ ಆರಂಭದಲ್ಲಿ ‘ಇವತ್ತು ಬೆಂಕಿ ಬಿತ್ತು’ ಎಂಬರ್ಥದ ಸಾಲಿರುವುದು ನಿಜ. ಸಂದೇಶ ಕಳಿಸುವವರು ಅಲ್ಲಿಗೇ ನಿಲ್ಲುತ್ತಾರೆ. ಮುಂದಕ್ಕೆ ಓದಿದರೆ, ಬೆಂಕಿ ಹಚ್ಚಿದ್ದು ನೆರೆಮನೆಯ ಮೂರು ವರ್ಷದ ಮಗು; ಸುಟ್ಟದ್ದು ಅವರದೇ ಗ್ಯಾರೇಜು. ಕೇರಿಯವರೆಲ್ಲ ಪೈಪು, ಒದ್ದೆ ಕಂಬಳಿ ಹಿಡಿದು ಆರಿಸುತ್ತಾರೆ. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಬಳಿಯ ಆಲ್ಟಡೀನಾ ಊರನ್ನು ಸುಟ್ಟ ಕಾಳ್ಗಿಚ್ಚಿಗೂ ಇದಕ್ಕೂ ಇರುವ ನಂಟು ಕ್ಯಾಲೆಂಡರಿನದು ಮಾತ್ರ. ಕಾದಂಬರಿಯಲ್ಲಿ ಮುಂದೆ ಬರುವ ದೊಡ್ಡ ಬೆಂಕಿಗಳಿಗೂ ಮುಖ್ಯ ಕಾರಣ ಬೆಂಕಿ ಹಚ್ಚುವ ಹುಚ್ಚು ಹಿಡಿಸುವ ಒಂದು ಮಾದಕ ವಸ್ತು.

ಆದರೆ ಆ ಪುಟದಲ್ಲೇ ಇನ್ನೊಂದು ವಿವರವಿದೆ, ಅದನ್ನು ಯಾರೂ ಹಂಚಿಕೊಳ್ಳುವುದಿಲ್ಲ. ಕೇರಿಯವರು ಅಗ್ನಿಶಾಮಕ ದಳವನ್ನು ಕರೆಯುವುದೇ ಇಲ್ಲ. ಕರೆದರೆ ಶುಲ್ಕ ಕಟ್ಟಬೇಕು, ಯಾರೂ ವಾಸವಿಲ್ಲದ ಒಂದು ಗ್ಯಾರೇಜಿಗಾಗಿ ಅಷ್ಟು ದುಡ್ಡು ಸುರಿಯಲು ಯಾರೂ ತಯಾರಿಲ್ಲ. ಬಟ್ಲರ್ ಅವರ ಕಸುಬು ಇರುವುದು ಇಲ್ಲಿ. ಬೆಂಕಿ ಎಲ್ಲ ಕಾಲಕ್ಕೂ ಬೀಳುತ್ತದೆ. ಆರಿಸುವ ಸರ್ಕಾರಿ ಸೇವೆ ಬಡವನ ಕೈಗೆಟುಕದಂತಾದ ಮೇಲೆ ಜನ ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಅವರು ಲೆಕ್ಕ ಹಾಕಿದ್ದರು.

ಘೋಷಣೆಯ ಗುಟ್ಟು ಇನ್ನೂ ಸರಳ. 1998ರ ‘ಪ್ಯಾರಬಲ್ ಆಫ್ ದಿ ಟ್ಯಾಲೆಂಟ್ಸ್’ನಲ್ಲಿ ಜಾರೆಟ್ ಎಂಬ ಮತಾಂಧ ರಾಜಕಾರಣಿ ಅಮೆರಿಕವನ್ನು ಮತ್ತೆ ಶ್ರೇಷ್ಠವಾಗಿಸೋಣ ಎಂದು ಕೂಗುತ್ತಾನೆ. 1980ರ ಚುನಾವಣೆಯಲ್ಲಿ ರೊನಾಲ್ಡ್ ರೇಗನ್ ಬಳಸಿದ್ದ ಘೋಷಣೆಯೇ ಅದು. ಹಿಂದೆ ಕೇಳಿದ್ದನ್ನು ಬಟ್ಲರ್ ಮುಂದಿನ ಕಾಲದ ಪಾತ್ರವೊಂದರ ಬಾಯಿಗೆ ಹಾಕಿದರು, ಅಷ್ಟೆ. ಅವರ ವಿಧಾನವೇ ಇದು: ಜನ ಕಡೆಗಣಿಸಿರುವ ಒಂದು ಸಮಸ್ಯೆಯನ್ನು ಎತ್ತಿಕೊಂಡು, ಅದನ್ನು 30 ವರ್ಷ ಹಾಗೆಯೇ ಬೆಳೆಯಲು ಬಿಟ್ಟರೆ ಏನಾದೀತು ಎಂದು ಕೇಳುವುದು. ಜಾಗತಿಕ ತಾಪಮಾನ, ಹದಗೆಟ್ಟ ಶಾಲೆ, ತುಂಬಿ ತುಳುಕುವ ಜೈಲು, ಮಾದಕ ವ್ಯಸನ ಎಲ್ಲವೂ ಅಂದಿನ ಪತ್ರಿಕೆಗಳಲ್ಲೇ ಇದ್ದವು. ಅವರ ಕಾಗದಪತ್ರಗಳು ಈಗ ಕ್ಯಾಲಿಫೋರ್ನಿಯಾದ ಸ್ಯಾನ್ ಮರೀನೋದಲ್ಲಿರುವ ಹಂಟಿಂಗ್ಟನ್ ಗ್ರಂಥಾಲಯದಲ್ಲಿ 300ಕ್ಕೂ ಹೆಚ್ಚು ಪೆಟ್ಟಿಗೆಗಳಲ್ಲಿವೆ. ಕಾಲಜ್ಞಾನಿಗೆ ಇಷ್ಟೊಂದು ಟಿಪ್ಪಣಿ ಏಕೆ ಬೇಕು?

ಇನ್ನು ಬದುಕು. ಹುಟ್ಟಿದ್ದು 1947ರ ಜೂನ್ 22, ಪ್ಯಾಸಡೀನಾದಲ್ಲಿ. ಬೂಟು ಪಾಲಿಶ್ ಮಾಡುತ್ತಿದ್ದ ತಂದೆ ಬೇಗ ತೀರಿಕೊಂಡರು. ತಾಯಿ ಬಿಳಿಯರ ಮನೆಗಳಲ್ಲಿ ಕೆಲಸಕ್ಕಿದ್ದರು, ಹಿತ್ತಿಲ ಬಾಗಿಲಿನಿಂದಲೇ ಒಳಗೆ ಹೋಗಬೇಕಿತ್ತು. ಮಗಳು ಅದನ್ನು ನೋಡುತ್ತಲೇ ಬೆಳೆದಳು. ಡಿಸ್ಲೆಕ್ಸಿಯಾದಿಂದ ಓದು ನಿಧಾನ, ಮಾತು ಕಡಿಮೆ. 10ನೇ ವಯಸ್ಸಿಗೆ ತಾಯಿಯನ್ನು ಪೀಡಿಸಿ ರೆಮಿಂಗ್ಟನ್ ಟೈಪ್‌ರೈಟರ್ ಕೊಡಿಸಿಕೊಂಡರು. 12ರಲ್ಲಿ ಟಿವಿಯಲ್ಲಿ ಮಂಗಳ ಗ್ರಹದ ಹೆಣ್ಣೊಬ್ಬಳ ಕಳಪೆ ಸಿನಿಮಾ ನೋಡಿ, ಇದಕ್ಕಿಂತ ಚೆನ್ನಾಗಿ ನಾನೇ ಬರೆಯಬಲ್ಲೆ ಎಂದು ಕೂತರು. (ಕೆಟ್ಟ ಸಿನಿಮಾಗಳಿಂದಲೂ ಹೀಗೊಂದು ಉಪಯೋಗವುಂಟು.)

1970ರ ಕ್ಲಾರಿಯನ್ ಬರವಣಿಗೆ ಶಿಬಿರದಲ್ಲಿ ಎರಡು ಕಥೆಗಳು ಮಾರಾಟವಾದವು. ಆಮೇಲೆ ಸುಮಾರು 5 ವರ್ಷ ಏನೂ ಇಲ್ಲ. ಪಾತ್ರೆ ತೊಳೆಯುವುದು, ಫೋನಿನಲ್ಲಿ ಸಾಮಾನು ಮಾರುವುದು, ಆಲೂಗೆಡ್ಡೆ ಚಿಪ್ಸ್ ಆರಿಸುವುದು ಹೀಗೆ ಸಿಕ್ಕ ಕೂಲಿ ಮಾಡಿದರು. ಮೈ ದಣಿದರೂ ತಲೆ ದಣಿಯದ ಕೆಲಸಗಳನ್ನೇ ಹುಡುಕುತ್ತಿದ್ದರು. ಬೆಳಗಿನ ಜಾವ 2 ಗಂಟೆಗೆ ಎದ್ದು ಬರೆದು ಆಮೇಲೆ ಕೆಲಸಕ್ಕೆ ಹೋಗುವುದು. ಕಾದಂಬರಿಯ ಗಾತ್ರ ಹೆದರಿಸುತ್ತಿದ್ದುದರಿಂದ ಒಂದು ಉಪಾಯ ಮಾಡಿದರು: 20 ಪುಟದ ಕಥೆ ಬರೆಯಲು ಬರುತ್ತದಲ್ಲ, ಹಾಗಾದರೆ ಒಂದೊಂದು ಅಧ್ಯಾಯವನ್ನೂ 20 ಪುಟದ ಕಥೆಯೆಂದೇ ಬರೆಯೋಣ. 1976ರಲ್ಲಿ ‘ಪ್ಯಾಟರ್ನ್‌ಮಾಸ್ಟರ್’ ಹೊರಬಂತು. ಬರೆಯಲು ತೊಡಗಿ ಅರ್ಧಕ್ಕೆ ನಿಂತವರು ಈ ಉಪಾಯವನ್ನು ಪರೀಕ್ಷಿಸಿ ನೋಡಬಹುದು.

1979ರ ‘ಕಿಂಡ್ರೆಡ್’ ಬಗ್ಗೆ ತುಸು ಹೆಚ್ಚು ಹೇಳಬೇಕು. ಕಾಲೇಜಿನಲ್ಲಿ ಸಹಪಾಠಿಯೊಬ್ಬ, ನಮ್ಮನ್ನು ಇಷ್ಟು ಕಾಲ ಹಿಂದಕ್ಕೆಳೆದ ಈ ಮುದುಕರನ್ನೆಲ್ಲ ಕೊಲ್ಲಬೇಕೆನಿಸುತ್ತದೆ, ಆದರೆ ನನ್ನ ಹೆತ್ತವರಿಂದಲೇ ಶುರುಮಾಡಬೇಕಾಗುತ್ತದೆ ಎಂದಿದ್ದನಂತೆ. ತಲೆ ತಗ್ಗಿಸಿ ದುಡಿದ ತಾಯಿಯನ್ನು ಕಂಡಿದ್ದ ಬಟ್ಲರ್‌ಗೆ ಆ ಮಾತು ನಾಟಿತು. ಇಂದಿನವನೊಬ್ಬನನ್ನು ಗುಲಾಮಗಿರಿಯ ಕಾಲಕ್ಕೆ ಕಳಿಸಿದರೆ ಬದುಕಿಯಾನೇ? ಮೊದಲು ಗಂಡು ಪಾತ್ರವನ್ನೇ ಕಳಿಸಲು ಹೊರಟರು, ಸಾಗಲಿಲ್ಲ. ತಲೆಯೆತ್ತಿ ಕಣ್ಣಲ್ಲಿ ಕಣ್ಣಿಟ್ಟು ನೋಡುವ ಕಪ್ಪು ಗಂಡಸನ್ನು ಅಲ್ಲಿ ಬೇಗನೆ ಕೊಂದುಬಿಡುತ್ತಿದ್ದರು. ಹಾಗಾಗಿ ನಾಯಕಿ ಡೇನಾ ಬಂದಳು. ಸ್ಥಳ ಮೇರಿಲ್ಯಾಂಡ್, ಏಕೆಂದರೆ ಪಕ್ಕದ ಪೆನ್ಸಿಲ್ವೇನಿಯಾ ಗುಲಾಮಗಿರಿ ಇಲ್ಲದ ರಾಜ್ಯ, ತಪ್ಪಿಸಿಕೊಳ್ಳುವ ಆಸೆಗೆ ಅರ್ಥವಿರುತ್ತದೆ. ಬಟ್ಲರ್ ಗ್ರೇಹೌಂಡ್ ಬಸ್ಸು ಹಿಡಿದು ಅಲ್ಲಿಗೆ ಹೋಗಿ ಬಂದರು, ಗುಲಾಮಗಿರಿಯಿಂದ ತಪ್ಪಿಸಿಕೊಂಡ ಫ್ರೆಡ್ರಿಕ್ ಡಗ್ಲಸ್‌ರಂಥವರ ಆತ್ಮಕಥೆಗಳನ್ನು ಓದಿದರು.

ಕಥೆಯಲ್ಲಿ ಕಾಲಯಂತ್ರವಿಲ್ಲ, ಎರಡು ನಿಯಮಗಳಿವೆ. ಬಿಳಿಯ ಪೂರ್ವಜ ರೂಫಸ್‌ನ ಜೀವಕ್ಕೆ ಕುತ್ತು ಬಂದಾಗ ಡೇನಾ 1976ರಿಂದ ಹಿಂದಕ್ಕೆ ಸೆಳೆಯಲ್ಪಡುತ್ತಾಳೆ. ತಾನು ಸಾಯುತ್ತೇನೆಂದು ನಿಜವಾಗಿ ಹೆದರಿದಾಗ ಮರಳುತ್ತಾಳೆ. ಅಲ್ಲಿನ ಬದುಕಿಗೆ ಒಗ್ಗಿ ಭಯ ಕಡಿಮೆಯಾದಷ್ಟೂ ಮರಳುವ ದಾರಿ ಮುಚ್ಚುತ್ತದೆ. ಇಂಥ ಕ್ರೂರ ನಿಯಮವನ್ನು ಬೇರೆ ಕಾಲಪ್ರಯಾಣದ ಕಥೆಗಳಲ್ಲಿ ಹುಡುಕಬೇಕು. ಮೈಗೆ ಕಟ್ಟಿಕೊಂಡದ್ದು ಜೊತೆಗೆ ಬರುವುದರಿಂದ ಅವಳು ಚಾಕು, ಆಸ್ಪಿರಿನ್ ತುಂಬಿದ ಚೀಲವನ್ನು ಬಿಗಿದುಕೊಂಡು ಕಾಯುತ್ತಾಳೆ. ಇದರಲ್ಲಿ ವಿಜ್ಞಾನವೇ ಇಲ್ಲ, ಇದು ವೈಜ್ಞಾನಿಕ ಕಾದಂಬರಿಯಲ್ಲ ಎಂದು ಬಟ್ಲರ್ ಅವರೇ ಹೇಳುತ್ತಿದ್ದರು. ಹಲವು ಪ್ರಕಾಶಕರು ತಿರಸ್ಕರಿಸಿದ್ದ ಈ ಪುಸ್ತಕವನ್ನು ಈಗ ಅಮೆರಿಕದ ಕಾಲೇಜುಗಳಲ್ಲಿ ಪಾಠ ಮಾಡುತ್ತಾರೆ.

ಸಣ್ಣಕಥೆಗಳು ಬೆರಳೆಣಿಕೆಯಷ್ಟೇ, ಆದರೂ ವೈಜ್ಞಾನಿಕ ಕಥೆಗಳಿಗೆ ಸಲ್ಲುವ ಹ್ಯೂಗೋ ಪ್ರಶಸ್ತಿಗಳು ಬಂದದ್ದು ಅವಕ್ಕೆ: 1984ರಲ್ಲಿ ‘ಸ್ಪೀಚ್ ಸೌಂಡ್ಸ್’ಗೆ, ಮರುವರ್ಷ ‘ಬ್ಲಡ್‌ಚೈಲ್ಡ್’ಗೆ. ಎರಡನೆಯದು ಒಂದು ನೊಣದ ಭಯದಿಂದ ಹುಟ್ಟಿತು. ಪೆರು ದೇಶದ ಅಮೆಜಾನ್ ಕಾಡಿಗೆ ಹೋಗಬೇಕಿದ್ದ ಬಟ್ಲರ್ ಅಲ್ಲಿನ ಬಾಟ್‌ಫ್ಲೈ ಬಗ್ಗೆ ಓದಿದರು. ಅದರ ಮರಿಹುಳು ಮನುಷ್ಯರ ಚರ್ಮದೊಳಗೆ ಬೆಳೆಯುತ್ತದೆ. ಹಿಂಡಿ ತೆಗೆಯಬಾರದು, ತುಂಡು ಒಳಗುಳಿದು ಕೊಳೆತು ಕೀವಾಗುತ್ತದೆ. ತಾನಾಗಿ ಹೊರಬೀಳುವವರೆಗೆ ಸುಮ್ಮನಿರುವುದು ಮೇಲು ಎಂಬ ಸಲಹೆ ಅವರ ನಿದ್ದೆಗೆಡಿಸಿತು. ಕಥೆಯಲ್ಲಿ ಅನ್ಯಗ್ರಹದ ಜೀವಿಗಳು ಮನುಷ್ಯರ ಮೈಯಲ್ಲಿ ಮೊಟ್ಟೆಯಿಡುತ್ತವೆ, ಬಸಿರು ಹೊರಲು ಸಿದ್ಧನಾಗುವವನು ಒಬ್ಬ ಹುಡುಗ. ವಿಮರ್ಶಕರು ಇದನ್ನು ಗುಲಾಮಗಿರಿಯ ಕಥೆ ಎಂದರು, ಬಟ್ಲರ್ ಒಪ್ಪಲಿಲ್ಲ. ಬೇರೆಯವರ ಗ್ರಹದಲ್ಲಿ ನೆಲೆಸಿದ ಮನುಷ್ಯರು ಕೊಡುವ ಬಾಡಿಗೆ ಅದು ಎಂದರು. ನಮಗೂ ಲೇಖಕಿಯ ಓದೇ ಸರಿಯೆನಿಸುತ್ತದೆ, ಏಕೆಂದರೆ ಕೊನೆಯಲ್ಲಿ ಹುಡುಗ ಚೌಕಾಸಿ ಮಾಡುತ್ತಾನೆ.

1995ರಲ್ಲಿ ಪ್ರತಿಭಾವಂತರಿಗೆ ಕೊಡುವ ಮ್ಯಾಕ್‌ಆರ್ಥರ್ ಫೆಲೋಶಿಪ್‌ನ 2,95,000 ಡಾಲರ್ ಬಂತು; ವೈಜ್ಞಾನಿಕ ಕಾದಂಬರಿಕಾರರಲ್ಲಿ ಅದನ್ನು ಪಡೆದ ಮೊದಲಿಗರು ಇವರು. ಆಮೇಲೆ ಬಂದದ್ದು ಎರಡೇ ಕಾದಂಬರಿ. ‘ಪ್ಯಾರಬಲ್’ ಸರಣಿಯ ಮೂರನೆಯದನ್ನು ಮತ್ತೆ ಮತ್ತೆ ಆರಂಭಿಸಿ ಕೈಬಿಟ್ಟರು. ಅಂಥ ಹತ್ತಾರು ತುಂಡುಗಳು ಹಂಟಿಂಗ್ಟನ್ ಪೆಟ್ಟಿಗೆಗಳಲ್ಲಿವೆ. ರಕ್ತದೊತ್ತಡದ ಮಾತ್ರೆಗಳು ಮಂಪರು ತರಿಸಿ ಬರವಣಿಗೆಯನ್ನು ಕಿತ್ತುಕೊಂಡಿದ್ದವು. ಹಗುರಾಗಲೆಂದು ರಕ್ತಪಿಶಾಚಿಯ ಕಥೆ ‘ಫ್ಲೆಡ್ಜ್‌ಲಿಂಗ್’ ಬರೆದರು, 2005ರಲ್ಲಿ. 2006ರ ಫೆಬ್ರುವರಿ 24ರಂದು ಸಿಯಾಟಲ್ ಬಳಿಯ ಮನೆಯ ಹೊರಗೆ ಬಿದ್ದು ತೀರಿಕೊಂಡರು, 58 ವರ್ಷ. 2021ರಲ್ಲಿ ಪರ್ಸಿವಿಯರೆನ್ಸ್ ರೋವರ್ ಮಂಗಳದಲ್ಲಿ ಇಳಿದ ಜಾಗಕ್ಕೆ ನಾಸಾ ಅವರ ಹೆಸರಿಟ್ಟಿದೆ.

ಓದುವ ಕ್ರಮ: ಮೊದಲು ‘ಬ್ಲಡ್‌ಚೈಲ್ಡ್’ ಸಂಕಲನ. ತೆಳ್ಳಗಿದೆ, ಪ್ರತಿ ಕಥೆಯ ಕೊನೆಗೂ ಅದು ಹೇಗೆ ಹುಟ್ಟಿತೆಂಬ ಲೇಖಕಿಯ ಟಿಪ್ಪಣಿಯಿದೆ. ಆಮೇಲೆ ‘ಕಿಂಡ್ರೆಡ್’, ನಂತರ ಎರಡು ‘ಪ್ಯಾರಬಲ್’. ‘ಡಾನ್’ ಸೇರಿದ ಮೂರು ಕಾದಂಬರಿಗಳು ‘ಲಿಲಿತ್ಸ್ ಬ್ರೂಡ್’ ಎಂಬ ಒಂದೇ ಸಂಪುಟದಲ್ಲಿ ಸಿಗುತ್ತವೆ. ‘ಡಾನ್’ನ ಹಳೆಯ ಮುದ್ರಣದ ಮುಖಪುಟದಲ್ಲಿ ಬಿಳಿ ಹೆಂಗಸಿದ್ದಾಳೆ; ಒಳಗಿನ ನಾಯಕಿ ಕಪ್ಪು ಮೈಬಣ್ಣದವಳು, ಪ್ರಕಾಶಕರ ಮಾರುಕಟ್ಟೆ ಬುದ್ಧಿಯನ್ನು ನಂಬಬೇಡಿ. ‘ಪ್ಯಾಟರ್ನ್‌ಮಾಸ್ಟರ್’ ಸರಣಿಯನ್ನು ಪ್ರಕಟವಾದ ಕ್ರಮದಲ್ಲಿ ಓದಿದರೆ ಗೊಂದಲ. 1690ರಲ್ಲಿ ಆರಂಭವಾಗುವ ‘ವೈಲ್ಡ್ ಸೀಡ್’ ಹಿಡಿಯಿರಿ. ಅದೇ ಸರಣಿಯ ಅತ್ಯುತ್ತಮ ಕೃತಿಯೂ ಹೌದು. ‘ಸರ್ವೈವರ್’ ಎಂಬ 1978ರ ಕಾದಂಬರಿಯೊಂದು ಹಳೆ ಪುಸ್ತಕದವರಲ್ಲಿ ವಿಪರೀತ ಬೆಲೆಗೆ ಕಾಣಿಸಬಹುದು. ಅದು ತಮಗೇ ಹಿಡಿಸದೆ ಬಟ್ಲರ್ ಮರುಮುದ್ರಣಕ್ಕೆ ಒಪ್ಪಿರಲಿಲ್ಲ. ಅದಕ್ಕೆ ದುಡ್ಡು ಕೊಡಬೇಡಿ.