ಶನಿವಾರಕ್ಕೆ ‘ಟ್ರೈ ಮಾಡ್ತೀನಿ’ ಅಂದಿದ್ದೆ

ನೀವು ಕೇಳಿದ್ದು ಇಷ್ಟು. ಇಂಗ್ಲೆಂಡಿನ ರೆಡಿಂಗ್‌ಗೆ ಬಂದು ನಾಲ್ಕು ತಿಂಗಳಾಯ್ತು, ಮಗಳಿಗೆ ಏಳು ವರ್ಷ. ಸ್ಕೌಟ್ಸ್‌ನಲ್ಲಿ ಚಿಕ್ಕ ಮಕ್ಕಳ ವಿಭಾಗವಾದ ಬೀವರ್ಸ್‌ಗೆ ಸೇರಿಸೋಣ ಅಂದರೆ ವೇಟಿಂಗ್ ಲಿಸ್ಟ್. ಅಪ್ಪನೋ ಅಮ್ಮನೋ ವಾಲಂಟಿಯರ್ ಆದರೆ ಬೇಗ ಜಾಗ ಸಿಗಬಹುದಂತೆ, ಸಮಯವೂ ‘ಫ್ಲೆಕ್ಸಿಬಲ್’ ಅಂತೆ. ಆಸ್ಪತ್ರೆ ಶಿಫ್ಟ್ ಮಾಡುವ ನನಗೆ ಇದು ಆಗುತ್ತಾ ಅಕ್ಕಾ?

ಆಗುತ್ತೆ. ನಿಮ್ಮ ಹೆಲ್ತ್ ಅಂಡ್ ಕೇರ್ ವೀಸಾದಲ್ಲಿ ಸಂಬಳವಿಲ್ಲದ ಸೇವೆಗೆ ಅಡ್ಡಿಯಿಲ್ಲ. ಡಿಬಿಎಸ್ ಅಂತ ಪೊಲೀಸ್ ದಾಖಲೆ ನೋಡುವ ಒಂದು ತಪಾಸಣೆ ಇದೆ, ವಾಲಂಟಿಯರ್‌ಗೆ ಅದು ಉಚಿತ. ಹುಡುಗಿಯರು ಎಲ್ಲ ವಿಭಾಗಕ್ಕೂ ಸೇರಬಹುದು. ಯೂನಿಫಾರ್ಮ್ ಸೆಕೆಂಡ್ ಹ್ಯಾಂಡ್ ಕೇಳಿ, ಸಿಗುತ್ತೆ. ಎಂಟು ವರ್ಷಕ್ಕೆ ಹೇಗೂ ಮುಂದಿನ ವಿಭಾಗ ಕಬ್ಸ್‌ಗೆ ಹೋಗುತ್ತಾಳೆ.

ನಾನು ಬಂದದ್ದು 2007ರಲ್ಲಿ. ಬ್ರೌನ್‌ಸೀ ದ್ವೀಪದಲ್ಲಿ ನಡೆದ ಸ್ಕೌಟ್ಸ್‌ನ ಮೊದಲ ಶಿಬಿರಕ್ಕೆ ಸರಿಯಾಗಿ ನೂರು ವರ್ಷ ತುಂಬಿದ ವರ್ಷ. ಬೀದಿಯಲ್ಲಿ ಸ್ಕಾರ್ಫ್ ಕಟ್ಟಿಕೊಂಡ ಮಕ್ಕಳನ್ನು ಕಂಡಾಗಲೆಲ್ಲ ದಾವಣಗೆರೆ ಹತ್ತಿರದ ಕೊಂಡಜ್ಜಿ ನೆನಪಾಗುತ್ತಿತ್ತು. ಹೈಸ್ಕೂಲಿನಲ್ಲಿ ಗೈಡ್ ಆಗಿದ್ದಾಗ ಅಲ್ಲಿ ಮೂರು ದಿನ ಶಿಬಿರ ಮಾಡಿದ್ದೆ. ಅಲ್ಲಿ ಎಲ್ಲ ಟೀಚರ್ರೇ ನೋಡಿಕೊಂಡರು. ನಮ್ಮಪ್ಪ ಬಸ್ ಹತ್ತಿಸಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಇಲ್ಲಿ ಸ್ಕೌಟ್ಸ್ ಶಾಲೆಯ ಕೆಲಸ ಅಲ್ಲ. ಸಂಜೆ ಚರ್ಚ್ ಹಾಲ್‌ನಲ್ಲೋ ಸ್ವಂತ ಮರದ ಹಟ್‌ನಲ್ಲೋ ನಡೆಯುತ್ತೆ. ನಡೆಸುವವರು ಪೋಸ್ಟ್‌ಮ್ಯಾನ್, ಅಕೌಂಟೆಂಟ್, ಯಾರದೋ ಅಜ್ಜಿ. ಕಬ್ಸ್ ಲೀಡರನ್ನು ಬಿಳಿ ಮಕ್ಕಳು ‘ಅಕೇಲಾ’ ಅಂತ ಹಿಂದಿಯಲ್ಲಿ ಕೂಗುವಾಗ ಮೊದಮೊದಲು ನಗು ಬರುತ್ತಿತ್ತು.

ಈ ಫ್ಲೆಕ್ಸಿಬಲ್ ಅನ್ನೋ ಮಾತು ನನಗೂ ಸುಲಭವಾಗಿ ಕಂಡಿತ್ತು. ತಿಂಗಳಿಗೊಮ್ಮೆ ಬಂದರೂ ಸಾಕು, ಟೀ ಮಾಡಿದರೂ ಸಾಕು, ಲೆಕ್ಕ ಬರೆದರೂ ಸಾಕು. ಅದೆಲ್ಲ ನಿಜವೇ. ಆದರೆ ರೋಟಾದಲ್ಲಿ, ಅಂದರೆ ಯಾವ ದಿನ ಯಾರು ಅನ್ನೋ ಪಟ್ಟಿಯಲ್ಲಿ, ಹೆಸರು ಬಿದ್ದ ದಿನ ನೀವು ಅಲ್ಲಿ ಇರಲೇಬೇಕು.

ಮಗ ಆಗ ಕಬ್ಸ್‌ನಲ್ಲಿದ್ದ. ಒಂದು ಶನಿವಾರ ಗೋರಿಂಗ್ ಕಡೆ ನಡಿಗೆ, 24 ಮಕ್ಕಳು. ಹೊರಗೆ ಹೋದರೆ ಎಂಟು ಕಬ್ಸ್‌ಗೆ ಒಬ್ಬ ದೊಡ್ಡವರು, ಅದರ ಮೇಲೆ ಲೀಡರ್. ಅಂದರೆ ನಾಲ್ಕು ಜನ. ನಾಲ್ಕನೆಯವಳು ನಾನು. ಲೀಡರ್ ಕೇಳಿದಾಗ ‘ಐ ವಿಲ್ ಟ್ರೈ’ ಅಂದಿದ್ದೆ. ನಮ್ಮ ‘ನೋಡೋಣ’ ಇದೆಯಲ್ಲ, ಅದನ್ನೇ ಇಂಗ್ಲಿಷಿನಲ್ಲಿ ಹೇಳಿದ್ದೆ. ಅವರು ಅದನ್ನು ಬರ್ತಾಳೆ ಅಂತ ಬರೆದುಕೊಂಡಿದ್ದರು. ಶುಕ್ರವಾರ ರಾತ್ರಿ ನಮ್ಮವರ ಚಿಕ್ಕಪ್ಪನ ಮಗ ಹೆಂಡತಿ ಸಮೇತ ಮೈಸೂರಿನಿಂದ ಬಂದಿಳಿದರು. ಬಂದವರನ್ನು ಬಿಟ್ಟು ಹೋಗೋದು ಹೇಗೆ, ನಿಮಗೆ ಗೊತ್ತಲ್ಲ. ಫೋನೂ ಮಾಡಲಿಲ್ಲ. ನಾನೊಬ್ಬಳು ಇಲ್ಲದಿದ್ದರೆ ಏನಾಗುತ್ತೆ ಅಂದುಕೊಂಡು, ಮಗನನ್ನು ಪಕ್ಕದ ಮನೆಯವರ ಕಾರಿನಲ್ಲಿ ಕಳಿಸಿ ಅಕ್ಕಿರೊಟ್ಟಿ ತಟ್ಟುತ್ತಾ ನಿಂತೆ.

ಹತ್ತೂವರೆಗೆ ಮಗ ವಾಪಸ್ ಬಂದ. ಬೆನ್ನಲ್ಲಿ ಚೀಲ, ಕೊರಳಲ್ಲಿ ಸ್ಕಾರ್ಫ್, ಡಬ್ಬಿಯಲ್ಲಿ ಚಿತ್ರಾನ್ನ ಹಾಗೇ ಇತ್ತು. ‘ದೊಡ್ಡೋರು ಒಬ್ಬರು ಕಮ್ಮಿ ಆದ್ರಂತೆ ಅಮ್ಮಾ, ಎಲ್ಲರನ್ನೂ ಮನೆಗೆ ಕಳಿಸಿದ್ರು’ ಅಂದ. ನೆಂಟರ ಜೊತೆ ಟೇಬಲ್‌ಗೆ ಬರಲಿಲ್ಲ. ಮೆಟ್ಟಿಲ ಮೇಲೆ ಬೂಟು ಕೂಡ ಬಿಚ್ಚದೆ ಕೂತು ಆ ಚಿತ್ರಾನ್ನ ತಿಂದ. ಆ ಒಬ್ಬರು ಯಾರು ಅಂತ ಅವನಿಗೆ ಗೊತ್ತಿತ್ತೋ ಏನೋ, ನಾನು ಇವತ್ತಿನವರೆಗೂ ಕೇಳಿಲ್ಲ. ಈಗ ಅವನಿಗೆ 26.

ಸಂಜೆ ಲೀಡರ್‌ಗೆ ಫೋನ್ ಮಾಡಿ ‘ಸಾರಿ’ ಅಂದೆ. ‘ನಾಟ್ ಟು ವರಿ’ ಅಂದರು ಅಷ್ಟೇ. ನಮ್ಮೂರಾಗಿದ್ದರೆ ‘ಯಾಕ್ರೀ ಕೈ ಕೊಟ್ರಿ’ ಅಂತ ನಾಲ್ಕು ಜನರ ಮುಂದೆ ಬೈದು, ಮರುದಿನ ಮತ್ತೆ ಕರೆಯುತ್ತಿದ್ದರು. ಇಲ್ಲಿ ಯಾರೂ ಬೈಯಲಿಲ್ಲ. ಒಂದು ವರ್ಷ ಯಾರೂ ಏನೂ ಕೇಳಲೂ ಇಲ್ಲ. ಕೊನೆಗೆ ನಾನೇ ಹೋಗಿ ಕುರ್ಚಿ ಜೋಡಿಸುವ ಕೆಲಸ ಕೇಳಿ ತಗೊಂಡೆ. ಈಗಲೂ ಎರಡು ವಾರಕ್ಕೊಂದು ಮಂಗಳವಾರ ಹೋಗುತ್ತೇನೆ. ನಾನು ಕಲಿಸಿದ ರೀಫ್ ನಾಟ್ ಅನ್ನೋ ಹಗ್ಗದ ಗಂಟು ಆ ಹಾಲ್‌ನಲ್ಲಿ ಇನ್ನೂರು ಮಕ್ಕಳಿಗಾದರೂ ಬರುತ್ತೆ. ಸ್ವಲ್ಪ ಜಂಬ ಅನ್ನಿ, ಪರವಾಗಿಲ್ಲ.

ಇನ್ನೊಂದು. ಒಂದು ಹಳದಿ ಕಾರ್ಡ್ ಕೊಡುತ್ತಾರೆ, ಮಕ್ಕಳ ಸುರಕ್ಷತೆಯ ನಿಯಮದ್ದು. ಪೂರ್ತಿ ಓದಿ. ಪರರ ಮಗುವಿನ ಜೊತೆ ಒಬ್ಬರೇ ಇರುವ ಹಾಗೆ ಮಾಡಿಕೊಳ್ಳಬೇಡಿ, ‘ಪಾಪ, ಮಳೆ’ ಅಂತ ನೀವೊಬ್ಬರೇ ಕಾರಿನಲ್ಲಿ ಮಗುವನ್ನು ಮನೆಗೆ ಬಿಟ್ಟು ಬರಲೂ ಹೋಗಬೇಡಿ. ಶೇಂಗಾ ಅಲರ್ಜಿ ಇರುವ ಮಕ್ಕಳಿರಬಹುದು, ಚಿಕ್ಕಿ ಹಂಚಲೇಬೇಡಿ.

ಹಾಲ್ ಚಳಿ ಇರುತ್ತೆ, ಸ್ವೆಟರ್ ಹಾಕಿಕೊಂಡು ಹೋಗಿ. ನೈಟ್ ಶಿಫ್ಟ್ ಮುಗಿದ ಮರುದಿನಕ್ಕೆ ಒಪ್ಪಿಕೊಳ್ಳಬೇಡಿ. ಮೊದಲ ರೋಟಾ ಬಂದಾಗ ನಿಮ್ಮ ಶಿಫ್ಟ್ ಪಟ್ಟಿ ಹಿಡಿದು ನಮ್ಮನೆಗೆ ಬನ್ನಿ. ಕಾಫಿ ಕುಡಿಯುತ್ತಾ ಯಾವ್ಯಾವ ದಿನಕ್ಕೆ ‘ನೋ’ ಅಂತ ಬರೆಯಬೇಕೋ ಬರೆಯೋಣ.